ಖಾಲಿ ಗುಳಿಗೆಯ ಋಣ

ಹೆರಿಗೆಯಾದ ಮೇಲೆ ರಕ್ತ ನಿಲ್ಲದೆ ಸತ್ತ ಹೆಂಗಸಿನ ಕಥೆ ಇಲ್ಲದ ಮನೆತನ ಹೊಸಪೇಟೆ, ಕಂಪ್ಲಿ ಕಡೆ ಹುಡುಕಿದರೂ ಸಿಗುವುದು ಕಷ್ಟ. ಅಜ್ಜಿಯ ತಂಗಿಯೋ, ಸೋದರತ್ತೆಯೋ, ಎದುರು ಮನೆಯ ಹಿರಿಯ ಸೊಸೆಯೋ, ಯಾರಾದರೊಬ್ಬರು ಇದ್ದೇ ಇರುತ್ತಾರೆ. ಕೂಸು ಉಳಿಯಿತು, ತಾಯಿ ಹೋದಳು ಎಂದು ಒಂದೇ ಮಾತಿನಲ್ಲಿ ಕಥೆ ಮುಗಿಯುತ್ತದೆ. ಮುಸಲ್ಮಾನರ ಮನೆಗಳಲ್ಲಿ ಇನ್ನೊಂದು ಮಾತು ಸೇರಿಸುತ್ತಾರೆ, ಹೆರಿಗೆಯಲ್ಲಿ ಸತ್ತವಳಿಗೆ ಶಹೀದರ ದರ್ಜೆ ಎಂದು. ಆ ಮಾತಿನಲ್ಲಿ ದೊಡ್ಡ ಸಾಂತ್ವನವಿದೆ, ಇಲ್ಲವೆನ್ನುವುದಿಲ್ಲ. ಆದರೆ ಸಾಂತ್ವನವೇ ಉತ್ತರದ ಜಾಗದಲ್ಲಿ ಕುಳಿತುಬಿಟ್ಟರೆ, ರಕ್ತ ಯಾಕೆ ನಿಲ್ಲಲಿಲ್ಲ ಎಂದು ಕೇಳುವವರೇ ಇಲ್ಲದಂತಾಗುತ್ತದೆ.

ಆ ಪ್ರಶ್ನೆ ಕೇಳಿದವರು ಬೆಳಗಾವಿಯವರು. ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರ ಜೊತೆಗೂಡಿ 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಅಧ್ಯಯನ ಮಾಡಿದರು. ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಯೊಂದಿದೆ. ಮೊದಲು ಹೊಟ್ಟೆಹುಣ್ಣಿಗೆಂದು ತಯಾರಾದ ಮದ್ದು, ಗರ್ಭಕೋಶವನ್ನೂ ಬಿಗಿಗೊಳಿಸುತ್ತದೆ ಎಂದು ಆಮೇಲೆ ತಿಳಿಯಿತು. ಇದಕ್ಕಿಂತ ಒಳ್ಳೆಯದು ಆಕ್ಸಿಟೋಸಿನ್ ಎಂಬ ಇಂಜೆಕ್ಷನ್. ಆದರೆ ಅದನ್ನು ತಂಪಿನಲ್ಲಿಡಬೇಕು, ಸೂಜಿ ಬೇಕು, ಸೂಜಿ ಚುಚ್ಚಲು ಬಲ್ಲವರು ಬೇಕು. ಸಂಡೂರಿನ ಗುಡ್ಡದ ಮೇಲಿನ ತಾಂಡಾದಲ್ಲಿ ರಾತ್ರಿ ಎರಡು ಗಂಟೆಗೆ ಹೆರಿಗೆ ನೋವು ಬಂದರೆ ಈ ಮೂರೂ ಒಟ್ಟಿಗೆ ಸಿಗುವುದೆಲ್ಲಿ? ಗುಳಿಗೆಗಾದರೋ ಒಂದು ಲೋಟ ನೀರು ಸಾಕು.

1620 ಗರ್ಭಿಣಿಯರನ್ನು ಎರಡು ಪಾಲು ಮಾಡಿದರು. 812 ಮಂದಿಗೆ ಮಿಸೊಪ್ರೊಸ್ಟಾಲ್, 808 ಮಂದಿಗೆ ನೋಡಲು ಹಾಗೆಯೇ ಇದ್ದ, ಒಳಗೆ ಮದ್ದೇ ಇಲ್ಲದ ಗುಳಿಗೆ. ಕೊಟ್ಟವರು ನಮ್ಮೂರಿನವರು ನರ್ಸಮ್ಮ ಎಂದು ಕರೆಯುವ ಎಎನ್‌ಎಂಗಳು. ಯಾರ ಪಾಲಿಗೆ ಯಾವುದು ಬಂತೆಂದು ನುಂಗಿದವಳಿಗೂ ಗೊತ್ತಿಲ್ಲ, ಕೊಟ್ಟವಳಿಗೂ ಗೊತ್ತಿಲ್ಲ. ಹರಿದ ರಕ್ತವನ್ನು ಕಣ್ಣಂದಾಜಿನಲ್ಲಿ ಬಿಡದೆ, ಬಾಣಂತಿಯ ಕೆಳಗೆ ಅಳತೆಯ ಗೆರೆಗಳಿದ್ದ ಪ್ಲಾಸ್ಟಿಕ್ ಹಾಳೆ ಹಾಸಿ ಅಳೆದರು. 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಫಲಿತಾಂಶ ಬಂತು. ಖಾಲಿ ಗುಳಿಗೆಯವರಲ್ಲಿ ನೂರಕ್ಕೆ 12 ಮಂದಿಗೆ ಅತಿಯಾದ ರಕ್ತಸ್ರಾವ, ಮದ್ದಿನ ಗುಳಿಗೆಯವರಲ್ಲಿ 6.4. ಲೀಟರಿಗೂ ಮೀರಿ ರಕ್ತ ಹೋದವರು ಅಲ್ಲಿ 1.2, ಇಲ್ಲಿ 0.2. ಹದಿನೆಂಟು ಜನರಿಗೆ ಗುಳಿಗೆ ಕೊಟ್ಟರೆ ಒಬ್ಬಳ ಅತಿಸ್ರಾವ ತಪ್ಪುತ್ತದೆ ಎಂದು ಲೆಕ್ಕ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕೆಲಸಕ್ಕೆಂದು ಈ ಗುಳಿಗೆಯನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಇಷ್ಟು ಓದಿ ನೆಮ್ಮದಿಯಿಂದ ಪುಟ ಮಗುಚಬಹುದು. ಕಥೆ ಬರೆಯುವವನ ಕೆಟ್ಟ ಚಾಳಿಯೆಂದರೆ ಅಂಕಿಯೊಳಗೆ ಮುಖ ಹುಡುಕುವುದು. 808ರಲ್ಲಿ ನೂರಕ್ಕೆ ಹನ್ನೆರಡು ಎಂದರೆ 97 ಹೆಂಗಸರು. 812ರಲ್ಲಿ 6.4 ಎಂದರೆ 52. ನಡುವೆ ಉಳಿದ ನಲವತ್ತೈದು ಹೆಂಗಸರು ಚೀಟಿಯ ಇನ್ನೊಂದು ಪಾಲಿಗೆ ಬಿದ್ದಿದ್ದರೆ ಅವರ ರಕ್ತ ಅಷ್ಟು ಹರಿಯುತ್ತಿರಲಿಲ್ಲ. ಇಡೀ ಲೋಕದ ಬಾಣಂತಿಯರ ಒಳಿತಿಗಾಗಿ ಈ ನಲವತ್ತೈದು ಜನರಿಗೆ ಖಾಲಿ ಗುಳಿಗೆ ನುಂಗಿಸಿದ್ದು ನ್ಯಾಯವೇ?

ಈ ಪ್ರಶ್ನೆ ಹೊಸದಲ್ಲ. ಸಾವಿರದ ನೂರು ವರ್ಷಗಳ ಹಿಂದೆ ಬಾಗ್ದಾದಿನಲ್ಲೂ ತನ್ನ ಊರು ರಯ್‌ನಲ್ಲೂ ಆಸ್ಪತ್ರೆ ನಡೆಸಿದ ಹಕೀಮ್ ಅಲ್-ರಾಝಿ ಒಂದು ಕಡೆ ಬರೆದಿಟ್ಟಿದ್ದಾನೆ. ಮೆದುಳು ಜ್ವರದ ಲಕ್ಷಣವಿದ್ದ ಕೆಲವರ ರಕ್ತ ತೆಗೆಸಿ ಉಳಿಸಿದನಂತೆ, ಇನ್ನು ಕೆಲವರಿಗೆ ಬೇಕೆಂದೇ ತೆಗೆಸದೆ ಬಿಟ್ಟನಂತೆ, ಸಂಶಯ ಪರಿಹಾರವಾಗಲೆಂದು. ನಮ್ಮವರು ಸಭೆಗಳಲ್ಲಿ ರಾಝಿಯ ಹೆಸರು ಹೇಳಿ ಎದೆಯುಬ್ಬಿಸುವುದುಂಟು, ಜಗತ್ತಿಗೆ ಪ್ರಯೋಗ ಕಲಿಸಿದವರು ನಾವು ಎಂದು. ಉಬ್ಬಿಸಲಿ. ಆದರೆ ಬೇಕೆಂದೇ ಬಿಟ್ಟ ಆ ರೋಗಿಗಳನ್ನು ಅವನು ಕೇಳಿದ ಮಾತು ಅಲ್ಲಿಲ್ಲ. ಇನ್ನೊಂದು ವಿಷಯವನ್ನೂ ಸಭೆಗಳಲ್ಲಿ ಹೇಳುವುದಿಲ್ಲ. ರಕ್ತ ತೆಗೆಸುವುದರಿಂದ ಆ ಜ್ವರ ವಾಸಿಯಾಗುವುದಿಲ್ಲ ಎಂಬುದು ಇಂದು ಗೊತ್ತಿರುವ ಸಂಗತಿ. ಅಂಥ ಮಹಾ ಹಕೀಮನಿಗೂ ಅವನ ಹೋಲಿಕೆ ತಪ್ಪು ಉತ್ತರ ಕೊಟ್ಟಿತು. ಯಾರನ್ನು ಯಾವ ಗುಂಪಿಗೆ ಹಾಕಬೇಕೆಂದು ವೈದ್ಯನೇ ಆರಿಸಿದರೆ ಹೀಗಾಗುತ್ತದೆ. ಬದುಕುವಂತೆ ಕಾಣುವವನು ಚಿಕಿತ್ಸೆಯ ಗುಂಪಿಗೆ ತಾನಾಗಿ ಬಂದು ಬೀಳುತ್ತಾನೆ.

ಅದಕ್ಕಾಗಿಯೇ ಚೀಟಿ. ಪವಿತ್ರ ಕುರ್‌ಆನಿನಲ್ಲಿ ಎರಡು ಕಡೆ ಚೀಟಿಯ ಪ್ರಸ್ತಾಪವಿದೆ. ಮರ್ಯಮರ ಪೋಷಣೆ ಯಾರ ಪಾಲಿಗೆ ಎಂದು ತೀರ್ಮಾನಿಸಲು ಲೇಖನಿಗಳನ್ನು ಎಸೆದದ್ದು ಒಂದು, ಹಡಗಿನಿಂದ ಯಾರು ಇಳಿಯಬೇಕೆಂದು ನೋಡುವಾಗ ಪ್ರವಾದಿ ಯೂನುಸ್ (ಅ) ಅವರ ಹೆಸರು ಬಂದದ್ದು ಇನ್ನೊಂದು. ಒಬ್ಬನಿಗಿಂತ ಇನ್ನೊಬ್ಬನ ಹಕ್ಕು ಹೆಚ್ಚು ಎಂದು ಹೇಳಲು ಬಾರದಿದ್ದಾಗ ಚೀಟಿ ಎತ್ತುವುದು ನ್ಯಾಯ. ಹಾಗೆಯೇ, ಯಾವ ಮದ್ದು ಮೇಲೆಂದು ವೈದ್ಯನಿಗೆ ನಿಜವಾಗಿ ಗೊತ್ತಿಲ್ಲದಿದ್ದಾಗ ಮಾತ್ರ ಚೀಟಿ ನ್ಯಾಯ. ಗೊತ್ತಿದ್ದೂ ಎತ್ತಿದರೆ ಅದು ಜೂಜು, ಅದೂ ಪರರ ಜೀವವನ್ನು ಪಣವಿಟ್ಟು.

ಈ ಒರೆಗಲ್ಲಿಗೆ ಬೆಳಗಾವಿಯನ್ನು ತಿಕ್ಕಿ ನೋಡಬೇಕು. ಆಸ್ಪತ್ರೆಗಳಲ್ಲಿ ಈ ಗುಳಿಗೆ ಇಂಜೆಕ್ಷನ್ನಿಗೆ ಸಮನಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯ ದೊಡ್ಡ ಅಧ್ಯಯನವೊಂದು 2001ರಲ್ಲೇ ಹೇಳಿತ್ತು. ಇಂಜೆಕ್ಷನ್ ತಲುಪದ ಹಳ್ಳಿಯಲ್ಲಿ ಏನೂ ಇಲ್ಲದ್ದಕ್ಕಿಂತ ಗುಳಿಗೆ ಮೇಲೋ ಅಲ್ಲವೋ ಎಂಬುದು ಗೊತ್ತಿರಲಿಲ್ಲ. ಸುಮ್ಮನೆ ಹಂಚಿಬಿಡಬಹುದಿತ್ತಲ್ಲ ಎಂದರೆ, ಅದು ಚಳಿ ನಡುಕ, ಜ್ವರ ತರುವ ಮದ್ದು, ಹೆರಿಗೆಗೆ ಮುಂಚೆ ತಪ್ಪಿ ನುಂಗಿದರೆ ಅಪಾಯ. ಆದ್ದರಿಂದ ಅಲ್ಲಿನ ವೈದ್ಯರ ತಿಳಿಯದಿರುವಿಕೆ ಪ್ರಾಮಾಣಿಕವಾದದ್ದು ಎಂದೇ ನಾನು ಭಾವಿಸುತ್ತೇನೆ. ಆದರೆ ಹಳ್ಳಿಗೆ ಇಂಜೆಕ್ಷನ್ ತಲುಪದೇ ಇದ್ದುದರಲ್ಲಿ ಯಾವ ಪ್ರಾಮಾಣಿಕತೆಯೂ ಇರಲಿಲ್ಲ. ಅದೇ ವರ್ಷಗಳಲ್ಲಿ ನಮ್ಮ ಸಂಡೂರು, ಹೊಸಪೇಟೆಯ ರಸ್ತೆಗಳಲ್ಲಿ ಅದಿರಿನ ಲಾರಿಗಳ ಸಾಲು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸುವವರೆಗೆ ಗುಡ್ಡದ ಮಣ್ಣು ಚೀನಾದವರೆಗೆ ಹೋಯಿತು. ಅದೇ ಗುಡ್ಡದ ತಾಂಡಾಕ್ಕೆ ಒಂದು ತಂಪುಪೆಟ್ಟಿಗೆ ಬರಲಿಲ್ಲ.

ಪ್ರಯೋಗವೇ ಬೇಡ, ದಯೆಯಿದ್ದರೆ ಸಾಕು ಎನ್ನುವ ಸಜ್ಜನರಿದ್ದಾರೆ. ಅವರಿಗೆ 2020ನ್ನು ನೆನಪಿಸಬೇಕು. ಆ ಮಾರ್ಚ್‌ನಲ್ಲಿ ತಬ್ಲೀಗ್ ಜಮಾಅತಿನವರ ಮೇಲೆ ಟೀವಿಗಳು ಮುಗಿಬಿದ್ದವು. ತರಕಾರಿ ಗಾಡಿಯವನ ಹೆಸರು ಕೇಳಿ ವ್ಯಾಪಾರ ಮಾಡುವ ದಿನಗಳು ಬಂದವು. ಏಪ್ರಿಲ್‌ನಲ್ಲಿ, ರೋಗದಿಂದ ಗುಣವಾದ ಅದೇ ತಬ್ಲೀಗಿನವರು ದಿಲ್ಲಿಯಲ್ಲಿ ಸಾಲಾಗಿ ಬಂದು ಪ್ಲಾಸ್ಮಾ ದಾನ ಮಾಡಿದರು. ರೋಜಾದ ತಿಂಗಳು ಅದು. ನಮ್ಮ ಬಗ್ಗೆ ಹೇಳಿದ್ದಕ್ಕೆ ಇದೇ ಉತ್ತರ ಎಂದು ಮುಸಲ್ಮಾನರೆಲ್ಲ ಕಣ್ಣೀರು ತಂದುಕೊಂಡರು, ನಾನೂ. ಆದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೇಶದ 39 ಆಸ್ಪತ್ರೆಗಳಲ್ಲಿ 464 ರೋಗಿಗಳನ್ನು ಚೀಟಿಯಂತೆ ಎರಡು ಪಾಲು ಮಾಡಿ ನೋಡಿದಾಗ, ಪ್ಲಾಸ್ಮಾ ಪಡೆದವರಿಗೂ ಪಡೆಯದವರಿಗೂ ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಇದು ಅಕ್ಟೋಬರ್ 2020ರಲ್ಲಿ ಪ್ರಕಟವಾಯಿತು. ಆದರೂ ಮುಂದಿನ ವರ್ಷದ ಎರಡನೇ ಅಲೆಯಲ್ಲಿ ಜನ ಪ್ಲಾಸ್ಮಾಕ್ಕಾಗಿ ಹಗಲು ರಾತ್ರಿ ಫೋನು ತಿರುಗಿಸಿದರು. ಮೇ 2021ರಲ್ಲಷ್ಟೇ ಸರ್ಕಾರದ ಮಾರ್ಗಸೂಚಿಯಿಂದ ಅದನ್ನು ತೆಗೆದರು. ಇನ್ನೊಂದು ಕಡೆ ಬ್ರಿಟನ್ನಿನ ದೊಡ್ಡ ಪ್ರಯೋಗವೊಂದು ಡೆಕ್ಸಾಮೆಥಾಸೋನ್ ಎಂಬ ಹಳೆಯ, ಅಗ್ಗದ ಮದ್ದು ವೆಂಟಿಲೇಟರಿನಲ್ಲಿದ್ದವರ ಸಾವನ್ನು ಮೂರರಲ್ಲೊಂದು ಪಾಲು ತಗ್ಗಿಸುತ್ತದೆಂದು ಜೂನ್ 2020ರಲ್ಲೇ ತೋರಿಸಿತ್ತು.

ಹಾಗಾದರೆ ದಿಲ್ಲಿಯ ಆ ದಾನಿಗಳ ರಕ್ತ ವ್ಯರ್ಥವಾಯಿತೇ? ಕರ್ಮಗಳು ನಿಯ್ಯತ್ತಿನ ಮೇಲೆ ನಿಂತಿವೆ ಎಂದು ನಂಬುವವರು ನಾವು. ಕೊಟ್ಟವರ ನಿಯ್ಯತ್ತಿಗೆ ಫಲವುಂಟು. ಆದರೆ ನಿಯ್ಯತ್ತು ರೋಗಿಯ ಶ್ವಾಸಕೋಶಕ್ಕೆ ಇಳಿಯುವುದಿಲ್ಲ. ಅಳೆಯದೆ ಕೊಡುವ ಚಿಕಿತ್ಸೆಯೂ ಪ್ರಯೋಗವೇ. ಲೆಕ್ಕ ಬರೆದಿಡುವುದಿಲ್ಲ, ಅಷ್ಟೇ ವ್ಯತ್ಯಾಸ.

ಬಳ್ಳಾರಿಯ ವೆಲ್ಲೆಸ್ಲಿ ಆಸ್ಪತ್ರೆಯ ಹೆಸರು ಬಂದರೆ ನಮ್ಮ ಹಿರಿಯರು ದನಿ ತಗ್ಗಿಸುತ್ತಿದ್ದರು. ಅಲ್ಲಿಗೆ ಹೋದವನು ಕ್ಷಯದವನು, ಬೇರೆ ಮಾತಿಲ್ಲ. ತಿಂಗಳುಗಟ್ಟಲೆ ಸ್ಯಾನಟೋರಿಯಮ್ಮಿನಲ್ಲಿ ಮಲಗುವುದು ಬೇಡ, ಮನೆಯಲ್ಲಿದ್ದು ಮದ್ದು ತೆಗೆದುಕೊಂಡರೂ ಬಡವನು ಬಹುಮಟ್ಟಿಗೆ ಅಷ್ಟೇ ಗುಣವಾಗುತ್ತಾನೆ, ಅದರಿಂದ ಮನೆಯವರಿಗೆ ಹೆಚ್ಚಿನ ಅಪಾಯವಿಲ್ಲ ಎಂದು ತೋರಿಸಿದ್ದು ಮದರಾಸಿನಲ್ಲಿ 1956ರಲ್ಲಿ ಶುರುವಾದ ಪ್ರಯೋಗ. ಅಲ್ಲಿಯೂ ಚೀಟಿಯೇ. ನಮ್ಮ ಕಡೆ ಎಷ್ಟು ಕೂಲಿಯವರು ಹೆಂಡತಿ ಮಕ್ಕಳ ನಡುವೆಯೇ ಇದ್ದು ವಾಸಿಯಾದರೋ, ಅವರಾರಿಗೂ ಮದರಾಸಿನ ಆ ರೋಗಿಗಳ ಹೆಸರು ತಿಳಿಯದು.

ಇನ್ನು ಒಪ್ಪಿಗೆಯ ಮಾತು. ಕನ್ನಡದಲ್ಲಿ ಒಂದು ವಿಚಿತ್ರವಿದೆ. ಒಪ್ಪಿಗೆಯೂ ಒಪ್ಪಿಸುವುದೂ ಒಂದೇ ಬೇರಿನಿಂದ ಬಂದ ಮಾತುಗಳು. ಕಾನೂನು ಕೇಳುವುದು ಒಪ್ಪಿಗೆ, ನಮ್ಮ ಜನ ಕೊಡುವುದು ಒಪ್ಪಿಸಿಬಿಡುವುದು. 'ನಿಮ್ ಕೈಯಾಗ ಒಪ್ಸೀವ್ರಿ ಸಾಹೇಬ್ರ, ಏನ್ ಮಾಡ್ತೀರೋ ಮಾಡ್ರಿ' ಎಂದು ಕಂಪ್ಲಿಯ ರೈತ ಹೇಳುತ್ತಾನೆ. ಹೊಸಪೇಟೆಯ ನಮ್ಮ ಹೆಂಗಸರು ದಖ್ಖನಿಯಲ್ಲಿ 'ತುಮಾರೆ ಹವಾಲೆ' ಎನ್ನುತ್ತಾರೆ. ದೇಹ ಅಲ್ಲಾಹನ ಅಮಾನತ್ ಎಂದು ಉರ್ದು ಶಾಲೆಯಲ್ಲಿ ಕಲಿತೆವು, ನಂಬಿ ಇಟ್ಟ ವಸ್ತು ಎಂದರ್ಥ. ಅದೇ ಪದ ಕನ್ನಡದ ಕಚೇರಿಗೆ ಬಂದು ಅಮಾನತ್ತಾಗಿ, ನೌಕರನನ್ನು ಕೆಲಸದಿಂದ ದೂರವಿಡುವುದು ಎಂದಾಯಿತು. ಆಸ್ಪತ್ರೆಯ ಹಾಳೆಯ ಮೇಲೆ ಹೆಬ್ಬೆಟ್ಟು ಒತ್ತುವಾಗ ಈ ಎರಡರಲ್ಲಿ ಯಾವ ಅರ್ಥ ನಡೆಯುತ್ತಿದೆ ಎಂಬ ಅನುಮಾನ ನನಗೆ ಆಗಾಗ ಬರುತ್ತದೆ.

ನಮ್ಮ ನಿಕಾಹ್‌ಗಳನ್ನೇ ನೋಡಿ. ಹುಡುಗಿಯ ಒಪ್ಪಿಗೆಯಿಲ್ಲದೆ ನಿಕಾಹ್ ಮಾಡಬಾರದು ಎನ್ನುವ ಶರೀಅತ್ತಿನ ಬಗ್ಗೆ ನಮಗೆ ಹೆಮ್ಮೆ. ವಕೀಲನೂ ಇಬ್ಬರು ಸಾಕ್ಷಿಗಳೂ ಒಳಮನೆಗೆ ಹೋಗುತ್ತಾರೆ, ಕೇಳುತ್ತಾರೆ. ಪಕ್ಕದಲ್ಲಿ ಕುಳಿತ ಖಾಲಾ ಮೊಣಕೈಯಿಂದ ತಿವಿದು 'ಹೂಂ ಬೋಲ್' ಎನ್ನುತ್ತಾಳೆ. ಅಲ್ಲೊಂದು ಸದ್ದು ಬರುತ್ತದೆ. ಹೊರಗೆ ಖರ್ಜೂರ ಹಂಚುತ್ತಾರೆ. ಕೇಳಬೇಕೆಂಬ ಕಾನೂನು ಸರಿಯಾಗಿಯೇ ಇದೆ, ಬೇಡ ಎನ್ನುವ ದಾರಿಯನ್ನು ಮಾತ್ರ ಖಾಲಾ ಮುಚ್ಚಿದ್ದಾಳೆ.

ಖಮ್ಮಂ ಜಿಲ್ಲೆಯಲ್ಲಿ 2009ರಲ್ಲಿ ನಡೆದದ್ದು ಇಂಥದೇ. ಗರ್ಭಕೋಶದ ಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆಯನ್ನು ಸುಮಾರು ಹದಿನಾಲ್ಕು ಸಾವಿರ ಹುಡುಗಿಯರಿಗೆ ಹಾಕುವ ಯೋಜನೆ ಅದು. ಅನೇಕರು ಆದಿವಾಸಿ ಮಕ್ಕಳು, ಹಾಸ್ಟೆಲಿನಲ್ಲಿದ್ದವರು. ಎಷ್ಟೋ ಹಾಳೆಗಳಿಗೆ ತಂದೆತಾಯಿಯ ಬದಲು ವಾರ್ಡನ್‌ಗಳೇ ಸಹಿ ಹಾಕಿದ್ದರು. 2010ರಲ್ಲಿ ಅದನ್ನು ನಿಲ್ಲಿಸಿದರು, 2013ರಲ್ಲಿ ಸಂಸತ್ತಿನ ಸಮಿತಿ ಕಟುವಾಗಿ ಬರೆಯಿತು. ಆ ನಡುವೆ ಸತ್ತ ಮಕ್ಕಳ ಸಾವಿಗೆ ಲಸಿಕೆ ಕಾರಣವಾಗಿರಲಿಕ್ಕಿಲ್ಲ ಎಂದು ತನಿಖೆ ಹೇಳಿತು, ಲಸಿಕೆ ಒಳ್ಳೆಯದೆಂದು ಜಗತ್ತು ಒಪ್ಪಿದೆ. ಹಾಗೆಂದು ವಾರ್ಡನ್ನಿನ ಸಹಿ ಸರಿಯಾಗುವುದಿಲ್ಲ. ಲಸಿಕೆ ಒಳ್ಳೆಯದಾದ್ದರಿಂದಲೇ ಆ ಸಹಿ ಮಾಡಿದ ಕೆಡುಕು ದೊಡ್ಡದು. ಒಮ್ಮೆ ಹೆದರಿದ ತಾಯಿ ಮುಂದೆ ಒಳ್ಳೆಯ ಲಸಿಕೆಯನ್ನೂ ನಂಬುವುದಿಲ್ಲ.

2013ರಲ್ಲಿ ಸುಪ್ರೀಂ ಕೋರ್ಟಿನ ಮಾತಿನ ಮೇಲೆ, ಒಪ್ಪಿಗೆ ಪಡೆಯುವುದನ್ನು ವಿಡಿಯೊ ಮಾಡಬೇಕೆಂದಾಯಿತು. 2019ರ ಹೊಸ ನಿಯಮಗಳಲ್ಲಿ ಅದು ದುರ್ಬಲ ವರ್ಗದವರ ಮೇಲೆ ಹೊಸ ರಾಸಾಯನಿಕ ಮದ್ದಿನ ಪ್ರಯೋಗ ನಡೆಯುವಾಗ ಕಡ್ಡಾಯ. ಒಳ್ಳೆಯದೇ. ಆದರೆ ಕ್ಯಾಮೆರಾ ತಲೆಯಾಡಿಸಿದ್ದನ್ನು ಹಿಡಿಯುತ್ತದೆ, ತಿಳಿದದ್ದನ್ನು ಹಿಡಿಯುವುದಿಲ್ಲ. ರೋಗಿಗೆ ಕೊಡುವ ಕನ್ನಡದ ಹಾಳೆಯಲ್ಲಿ 'ಯಾದೃಚ್ಛಿಕ ಹಂಚಿಕೆ' ಎಂದಿದ್ದರೆ ಯಾರಿಗೆ ಅರ್ಥವಾದೀತು? 'ಚೀಟಿ ಎತ್ತತೀವ್ರಿ, ಮದ್ದರೆ ಬರಬೋದು, ಬರೇ ಗುಳಿಗಿಯರೆ ಬರಬೋದು, ಯಾವ್ದು ಬಂತಂತ ನಮಗೂ ತಿಳಿಯಂಗಿಲ್ಲ, ಬ್ಯಾಡ ಅಂದ್ರ ನಿಮ್ಮ ಔಷಧೋಪಚಾರ ಏನೂ ಕಮ್ಮಿ ಆಗಂಗಿಲ್ಲ' ಎಂದರೆ ಹಂಪಿಯಲ್ಲಿ ಬಾಳೆಹಣ್ಣು ಮಾರುವ ಮುದುಕಿಗೂ ತಿಳಿಯುತ್ತದೆ. ತಾಂಡಾದಲ್ಲಿ ಇದನ್ನು ಲಂಬಾಣಿ ಮಾತಿನಲ್ಲಿ ಹೇಳಬೇಕು, ನಮ್ಮ ಓಣಿಗಳಲ್ಲಿ ದಖ್ಖನಿಯಲ್ಲಿ. ಕೊನೆಯ ವಾಕ್ಯ, ಬೇಡ ಎಂದರೆ ಏನೂ ಕಮ್ಮಿಯಾಗುವುದಿಲ್ಲ ಎಂಬುದು, ನಿಜವೂ ಆಗಿರಬೇಕು.

ಖಾಲಿ ಗುಳಿಗೆ ನುಂಗಿದವರಿಗೆ ನಾವು ಏನು ಕೊಡಬೇಕು? ದುಡ್ಡಿನ ಮಾತಲ್ಲ. ಅವರು ರಕ್ತದಲ್ಲಿ ಬರೆದುಕೊಟ್ಟ ಉತ್ತರ ಅವರ ಊರಿಗೇ ಮರಳಿ ತಲುಪಬೇಕು. ಅದು ಬೇರೆ ದಾರಿಗಳಲ್ಲಿ ಬೆಳೆಯುತ್ತಲೂ ಇದೆ. ಬೆಳಗಾವಿಯಲ್ಲಿ ಹಾಸಿದಂಥದೇ ಅಳತೆಯ ಹಾಳೆಯನ್ನು ಬಳಸಿ, ಸ್ರಾವ ಮಿತಿ ಮೀರಿದೊಡನೆ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೆ ಶುರುಮಾಡಿದ ನಾಲ್ಕು ಆಫ್ರಿಕನ್ ದೇಶಗಳ 80 ಆಸ್ಪತ್ರೆಗಳ ಅಧ್ಯಯನ 2023ರಲ್ಲಿ ಬಂತು. ತೀವ್ರ ಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯಬೇಕಾಗುವುದು, ಅದರಿಂದ ಸಾವು, ಇವೆಲ್ಲ ಸೇರಿ ನೂರಕ್ಕೆ 60ರಷ್ಟು ತಗ್ಗಿದವು.

ಆದರೆ ನವೆಂಬರ್ 2024ರಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ತೀರಿಕೊಂಡರು. ಅನುಮಾನ ಹೋದದ್ದು ಅವರಿಗೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಸರ್ಕಾರ ಅದರ ಬಳಕೆ ನಿಲ್ಲಿಸಿತು. ಬೆಳಗಾವಿಯ 808 ಮಂದಿಯದು ಚೀಟಿಯ ಪಾಲಾದರೂ ಅವರಿಗೊಂದು ಹಾಳೆಯಿತ್ತು, ಅಳೆಯುವವರಿದ್ದರು, ಪ್ರತಿ ಹನಿಯ ಲೆಕ್ಕವಿತ್ತು. ಬಳ್ಳಾರಿಯ ಬಾಟಲಿಯೊಳಗೇನಿದೆ ಎಂದು ಆ ಐವರ ದೇಹದಲ್ಲಿ ಪರೀಕ್ಷೆಯಾಗಬೇಕಾಗಿ ಬಂದಿದ್ದರೆ, ಆ ಪರೀಕ್ಷೆಗೆ ಅವರ ಹೆಬ್ಬೆಟ್ಟು ಯಾವ ಹಾಳೆಯ ಮೇಲಿದೆ?

ಆ 1620 ತಾಯಂದಿರ ಮಕ್ಕಳಿಗೆ ಈಗ ಇಪ್ಪತ್ತು ದಾಟಿದೆ. ಹೆಣ್ಣುಮಕ್ಕಳಲ್ಲಿ ಕೆಲವರು ಮದುವೆಯಾಗಿ ಬಯಲುಸೀಮೆಯ ಯಾವುದೋ ಊರಿಗೆ, ಕಂಪ್ಲಿಗೋ ಸಂಡೂರಿಗೋ ಬಂದಿರಲೂಬಹುದು. ಚೊಚ್ಚಿಲ ಹೆರಿಗೆಗೆ ದಿನ ಎಣಿಸುತ್ತಿರಬಹುದು. ಅಮ್ಮನ ಪಾಲಿಗೆ ಬಂದ ಗುಳಿಗೆ ಯಾವುದೆಂದು ಅವಳಿಗೆ ಗೊತ್ತಿಲ್ಲ. ಹತ್ತಿರದ ಉಪಕೇಂದ್ರದ ಬೀರುವಿನಲ್ಲಿ ಆ ಗುಳಿಗೆ ಇದೆಯೇ, ಅದರ ತಾರೀಖು ಮುಗಿದಿದೆಯೇ ಎಂದು ಈ ವಾರ ಯಾರಾದರೂ ಹೋಗಿ ನೋಡಿಬರಬಹುದು.