ಬದುವಿನ ಜಗಳ ಬಗೆಹರಿಸುವ ಬಗೆ

ಅಕ್ಕಪಕ್ಕದ ಜಮೀನುಗಳ ಗಡಿ ತಕರಾರು ಒಂದೇ ದಿನದಲ್ಲಿ ಹುಟ್ಟುವುದು ಅಪರೂಪ. ಪ್ರತಿ ಮುಂಗಾರಿನಲ್ಲೂ ನೇಗಿಲು ಬದುವಿನ ಅಂಚನ್ನು ಒಂದಿಷ್ಟು ಕೆರೆಯುತ್ತದೆ. ಕೆಲವು ವರ್ಷ ಕಳೆಯುವಷ್ಟರಲ್ಲಿ ಇಬ್ಬರು ಜೊತೆಯಾಗಿ ನಡೆಯುತ್ತಿದ್ದ ಬದು ಒಬ್ಬರ ಕಾಲುದಾರಿಯಾಗುತ್ತದೆ. ಟ್ರ್ಯಾಕ್ಟರು, ಜೆಸಿಬಿ ಬಂದ ಮೇಲಂತೂ ಅಷ್ಟು ವರ್ಷಗಳ ಸವೆತ ಒಂದು ಮಧ್ಯಾಹ್ನದಲ್ಲೇ ಮುಗಿಯುತ್ತದೆ. ಬಾಂದುಕಲ್ಲು ಉರುಳಿ ಮಣ್ಣಿನಲ್ಲಿ ಹೂತುಹೋಗುತ್ತದೆ. ಬೇಲಿಯ ಕಳ್ಳಿ, ಕತ್ತಾಳೆ ತಾವಾಗಿಯೇ ಹಬ್ಬಿ ಜಾಗ ಬದಲಿಸುತ್ತವೆ. ಇನ್ನೊಂದು ದೊಡ್ಡ ಕಾರಣ ಮನೆಯೊಳಗಿನದು. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡು, ಪೋಡಿ ಮಾಡಿಸದೆ ಬಿಟ್ಟ ಜಮೀನು ಮಕ್ಕಳ ಕಾಲಕ್ಕೆ ಪಹಣಿಯಲ್ಲಿ ಒಂದು ಅಳತೆ, ಅನುಭವದಲ್ಲಿ ಇನ್ನೊಂದು ಅಳತೆ ತೋರಿಸುತ್ತದೆ. ಇವುಗಳಲ್ಲಿ ಹೆಚ್ಚಿನವು ಯಾರೂ ಬೇಕೆಂದು ಮಾಡಿದ ಮೋಸವಲ್ಲ. ಆದರೂ ತಕರಾರು ಎದ್ದ ಕೂಡಲೇ ಬಾಯಿಂದ ಬರುವ ಮೊದಲ ಮಾತು ‘ಒತ್ತುವರಿ’, ಎರಡನೆಯದು ‘ಕಳ್ಳ’.

ಈ ಎರಡನೆಯ ಮಾತೇ ಹೆಚ್ಚಿನ ಹಾನಿ ಮಾಡುವುದು. ಜಾಗವನ್ನು ಅಳೆಯಬಹುದು, ಮಾನವನ್ನು ಅಳೆಯಲಾಗದು. ‘ಕಳ್ಳ’ ಎನ್ನಿಸಿಕೊಂಡವನು ಮರುದಿನ ಸರ್ವೆ ತನ್ನ ವಿರುದ್ಧ ಬಂದರೂ ಒಪ್ಪುವುದಿಲ್ಲ. ಒಪ್ಪಿದರೆ ಊರಿನ ಮುಂದೆ ಆ ಹೆಸರನ್ನೂ ಒಪ್ಪಿದಂತಾಗುತ್ತದೆ. ಆದ್ದರಿಂದ ಗಡಿಯ ವಿಷಯದಲ್ಲಿ ರೂಢಿಸಿಕೊಳ್ಳಬೇಕಾದ ಮೊದಲ ಅಭ್ಯಾಸ ಅಳತೆಗೆ ಮುಂಚೆ ಆರೋಪ ಮಾಡದಿರುವುದು. ಹೇಳಲು ಸುಲಭ, ನಡೆಸಲು ಬಹಳ ಕಷ್ಟ. ಬದುವಿನ ಮೇಲೆ ಹೊಸ ಗುದ್ದಲಿಯ ಗುರುತು ಕಂಡಾಗ ರಕ್ತ ಕುದಿಯದ ರೈತನಿಲ್ಲ. ಆ ಹೊತ್ತಿನಲ್ಲಿ ಮಾಡಬೇಕಾದದ್ದು ಮನೆಗೆ ಹಿಂದಿರುಗುವುದು, ಒಂದು ರಾತ್ರಿ ಕಳೆಯಲು ಬಿಡುವುದು, ಬೆಳಿಗ್ಗೆ ಪಕ್ಕದವರ ಮನೆ ಬಾಗಿಲಿಗೆ ಹೋಗಿ ‘ಗಡಿ ಎಲ್ಲಿದೆಯೋ ನನಗೂ ಗೊತ್ತಾಗುತ್ತಿಲ್ಲ, ಇಬ್ಬರೂ ಸೇರಿ ಅಳೆಸೋಣ’ ಎನ್ನುವುದು.

ಜಗಳದ ಗಾತ್ರವನ್ನು ಲೆಕ್ಕಕ್ಕೆ ಇಳಿಸಿದರೂ ಮನಸ್ಸು ತಣ್ಣಗಾಗುತ್ತದೆ. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ, ಅಂದರೆ 1,089 ಚದರ ಅಡಿ. 40 ಗುಂಟೆಗೆ ಒಂದು ಎಕರೆ. 330 ಅಡಿ ಉದ್ದದ ಬದು ಪೂರ್ತಿ ಒಂದು ಅಡಿ ಸರಿದಿದ್ದರೂ ಹೋಗುವುದು 330 ಚದರ ಅಡಿ, ಗುಂಟೆಯ ಮೂರನೆಯ ಒಂದು ಭಾಗಕ್ಕೂ ಕಡಿಮೆ. ಇಷ್ಟು ನೆಲವನ್ನು ಬಿಟ್ಟುಕೊಡಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ಅದಕ್ಕಾಗಿ ಮದುವೆ, ತಿಥಿಗಳಿಗೆ ಕರೆಯುವುದನ್ನು ನಿಲ್ಲಿಸಿ, ಬಾವಿಯ ನೀರು ಬಿಡುವುದಿಲ್ಲವೆಂದು ಪಣ ತೊಟ್ಟು, ಮಕ್ಕಳಿಗೂ ಮಾತು ಬಿಡಿಸುವುದು ಶುದ್ಧ ತಿಳಿಗೇಡಿತನ.

‘ಗೆದ್ದವನು ಸೋತ, ಸೋತವನು ಸತ್ತ’ ಎಂಬ ಗಾದೆ ಕೋರ್ಟು ಕಂಡವರ ಬಾಯಲ್ಲಿ ಹುಟ್ಟಿದ್ದು. ಗಡಿ ದಾವೆಯಷ್ಟು ಚೆನ್ನಾಗಿ ಅದು ಬೇರೆಲ್ಲೂ ಒಪ್ಪುವುದಿಲ್ಲ. ದಾವೆ ತಾಲ್ಲೂಕಿನ ಸಿವಿಲ್ ನ್ಯಾಯಾಲಯದಲ್ಲಿ ಶುರುವಾಗುತ್ತದೆ. ಸ್ಥಳ ನೋಡಿ ವರದಿ ಕೊಡಲು ನ್ಯಾಯಾಲಯ ಕಮಿಷನರನ್ನು ನೇಮಿಸುತ್ತದೆ; ವರದಿಗೆ ಒಬ್ಬರು ಆಕ್ಷೇಪಣೆ ಹಾಕುತ್ತಾರೆ. ತೀರ್ಪು ಬಂದರೆ ಮೇಲ್ಮನವಿ, ಅದರ ಮೇಲೆ ಬೆಂಗಳೂರು, ಧಾರವಾಡ ಅಥವಾ ಕಲಬುರಗಿಯ ಹೈಕೋರ್ಟ್ ಪೀಠದಲ್ಲಿ ಎರಡನೇ ಮೇಲ್ಮನವಿ. ನಡುವೆ ಕಕ್ಷಿದಾರ ತೀರಿಕೊಂಡರೆ ವಾರಸುದಾರರನ್ನು ದಾವೆಗೆ ಸೇರಿಸಲು 90 ದಿನಗಳ ಗಡುವಿದೆ. ಅಂದರೆ ತಂದೆಯ ಜಮೀನಿನ ಜೊತೆ ತಂದೆಯ ಜಗಳವೂ ಮಕ್ಕಳ ಹೆಸರಿಗೆ ಖಾತೆಯಾಗುತ್ತದೆ. ಗೆದ್ದವನಿಗೆ ಒಂದು ಅಡಿ ಸಿಕ್ಕಿರುತ್ತದೆ. ಅದನ್ನು ಗೆಲ್ಲಲು ದನ ಮಾರಿರುತ್ತಾನೆ, ಸಾಲ ಮಾಡಿರುತ್ತಾನೆ, ಹಾವು ಕಚ್ಚಿದ ರಾತ್ರಿ ಕೂಗಿದರೆ ಓಡಿ ಬರಬೇಕಾದ ನೆರೆಯವನನ್ನು ಕಳೆದುಕೊಂಡಿರುತ್ತಾನೆ. ಗಾದೆಯ ‘ಸೋತ’ ಎಂಬ ಮಾತು ಈ ಲೆಕ್ಕವನ್ನೆಲ್ಲ ಸೇರಿಸಿ ಹೇಳಿದ್ದು.

ಅಳತೆಗೆ ಹೊರಡುವ ಮುನ್ನ ಕಾಗದ ಕೈಯಲ್ಲಿರಬೇಕು. ಪಹಣಿ ಒಂದೇ ಸಾಲದು. ಅದು ಯಾರ ಹೆಸರಲ್ಲಿ ಎಷ್ಟು ವಿಸ್ತೀರ್ಣವಿದೆ ಎಂದು ಹೇಳುತ್ತದೆಯೇ ಹೊರತು ಗೆರೆ ಎಲ್ಲಿ ಹಾಯುತ್ತದೆ ಎಂದು ತೋರಿಸುವುದಿಲ್ಲ. ಗೆರೆ ಇರುವುದು ಟಿಪ್ಪಣಿಯಲ್ಲಿ. ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ, ಖರಾಬು ಇರುವುದು ಆಕಾರಬಂದಿನಲ್ಲಿ. ಇವುಗಳ ನಕಲಿನ ಜೊತೆ ಗ್ರಾಮನಕ್ಷೆ, ಕ್ರಯಪತ್ರ, ವಿಭಾಗಪತ್ರ, ಜಮೀನಿನ ಭಾಗ ಮಾರಾಟವಾಗಿದ್ದರೆ 11ಇ ನಕ್ಷೆ, ಇಷ್ಟನ್ನೂ ಇಬ್ಬರೂ ತಂದು ಒಂದೇ ಜಗಲಿಯ ಮೇಲೆ ಹರಡಿ ಓದಬೇಕು. ಎಷ್ಟೋ ತಕರಾರು ಈ ಜಗಲಿಯಲ್ಲೇ ಮುಗಿಯುತ್ತದೆ. ಕ್ರಯಪತ್ರದ ಅಳತೆಗೂ ಚೆಕ್ಕುಬಂದಿಗೂ ತಾಳೆಯಾಗದಿದ್ದರೆ ನ್ಯಾಯಾಲಯಗಳು ಸಾಮಾನ್ಯವಾಗಿ ಚೆಕ್ಕುಬಂದಿಗೆ ಹೆಚ್ಚು ಬೆಲೆ ಕೊಡುತ್ತವೆ ಎಂಬುದನ್ನೂ ತಿಳಿದಿರಬೇಕು.

ಅಷ್ಟಕ್ಕೂ ಬಗೆಹರಿಯದಿದ್ದರೆ ಹದ್ದುಬಸ್ತಿಗೆ ಅರ್ಜಿ ಹಾಕಬೇಕು. ಅರ್ಜಿ ನಾಡಕಚೇರಿಯಲ್ಲಿ ಮೋಜಿಣಿ ವ್ಯವಸ್ಥೆಯ ಮೂಲಕ ದಾಖಲಾಗುತ್ತದೆ. ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸ್ ಹೋಗಿ, ನಿಗದಿಯಾದ ದಿನ ಭೂಮಾಪಕರು ಬಂದು ದಾಖಲೆಯ ಪ್ರಕಾರ ಗಡಿ ಗುರುತಿಸುತ್ತಾರೆ. ನೋಟಿಸ್ ಬರುವ ಮುಂಚೆಯೇ ಪಕ್ಕದವರಿಗೆ ಬಾಯಿಮಾತಿನಲ್ಲಿ ತಿಳಿಸುವುದು ಸೌಜನ್ಯ ಮಾತ್ರವಲ್ಲ, ಜಾಣತನವೂ ಹೌದು. ಕಾಗದದ ಮೂಲಕ ಮೊದಲು ಸುದ್ದಿ ಮುಟ್ಟಿದರೆ ಅದು ಸವಾಲಿನಂತೆ ಕಾಣುತ್ತದೆ. ಅಳತೆಯ ದಿನ ಊರಿನ ಗುಂಪು ಕಟ್ಟಿಕೊಂಡು ಹೋಗಬಾರದು, ಕುಡಿದವರನ್ನು ಹತ್ತಿರ ಸೇರಿಸಬಾರದು. ಭೂಮಾಪಕರ ಊಟ, ಬಾಡಿಗೆ ಒಬ್ಬರೇ ವಹಿಸಿದರೆ ಇನ್ನೊಬ್ಬರಿಗೆ ಅನುಮಾನ ಹುಟ್ಟುತ್ತದೆ. ಊರಿನ ಹಿರಿಯರು ಇಬ್ಬರಿದ್ದರೆ ಒಳ್ಳೆಯದು. ಹಳೆಯ ಹುಣಸೆಮರ, ಅಗಳು, ಬಂಡಿದಾರಿ ಎಲ್ಲಿತ್ತೆಂದು ಅವರಿಗೆ ನೆನಪಿರುತ್ತದೆ. ಒಂದು ಮಾತು ಮರೆಯಬಾರದು: ಭೂಮಾಪಕರು ದಾಖಲೆಯ ಗೆರೆಯನ್ನು ನೆಲದ ಮೇಲೆ ತೋರಿಸುತ್ತಾರೆ, ಹಕ್ಕು ಯಾರದೆಂದು ತೀರ್ಮಾನಿಸುವುದು ಅವರ ಕೆಲಸವಲ್ಲ.

ಅಳತೆ ಮುಗಿದ ಸಂಜೆಯೇ ಕಲ್ಲು ಕೀಳುವುದು, ಬೇಲಿ ಕಿತ್ತೆಸೆಯುವುದು ಕೆಲವರ ಚಾಳಿ. ಇದು ಗೆಲುವಿನ ಅಹಂಕಾರ. ಕಾನೂನಿನ ದೃಷ್ಟಿಯಲ್ಲೂ ಅಪಾಯ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದಲ್ಲಿ ಗಡಿಗುರುತಿಗೆ ಹಾನಿ ಮಾಡುವುದಕ್ಕೆ ದಂಡವಿದೆ. ಒಪ್ಪಿಗೆಯಿಲ್ಲದೆ, ಕಾನೂನು ಕ್ರಮವಿಲ್ಲದೆ ಸ್ವಾಧೀನದಿಂದ ಎಬ್ಬಿಸಲ್ಪಟ್ಟವನು ಆರು ತಿಂಗಳೊಳಗೆ ದಾವೆ ಹೂಡಿ, ಹಕ್ಕಿನ ಪ್ರಶ್ನೆ ಬದಿಗಿರಲಿ, ಸ್ವಾಧೀನವನ್ನು ಮರಳಿ ಪಡೆಯಬಹುದು. ನಿಂತ ಬೆಳೆ ಕೊಯ್ಲಾಗುವವರೆಗೆ ಕಾಯುವುದು, ಗಡಿಯಾಚೆ ಹೋದ ತೆಂಗು, ಅಡಿಕೆ ಮರಗಳಿಗೆ ಬೆಲೆ ಕಟ್ಟುವುದು ಅಥವಾ ಅಷ್ಟೇ ನೆಲ ಬೇರೆ ಕಡೆ ಬಿಟ್ಟುಕೊಡುವುದು, ಇವೆಲ್ಲ ಒಪ್ಪಂದದ ಭಾಗವಾಗಬೇಕು. ಹಾಗೆಂದು ಅತಿಯಾಗಿ ಸುಮ್ಮನಿರುವುದೂ ತಪ್ಪು. ಇನ್ನೊಬ್ಬರು ತಮ್ಮದೆಂದು ಬಹಿರಂಗವಾಗಿ ಸಾಧಿಸುತ್ತ 12 ವರ್ಷ ಅನುಭವಿಸಿದ ಜಾಗವನ್ನು ಮರಳಿ ಕೇಳುವ ದಾವೆಗೆ ಕಾಲಮಿತಿ ಮೀರಿಬಿಡುತ್ತದೆ. ಸಂಕೋಚದಿಂದ ಬಾಯಿ ಬಿಡದವರು ಈ ಲೆಕ್ಕದಲ್ಲಿ ಸಿಕ್ಕಿಬೀಳುತ್ತಾರೆ.

ಇಬ್ಬರ ಮಾತು ಮುರಿದಾಗ ಮೂರನೆಯವರು ಬೇಕು. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟರೆ ದಾವೆ ಹೂಡುವ ಮುಂಚೆಯೇ ವಿಷಯವನ್ನು ಲೋಕ ಅದಾಲತ್ತಿಗೆ ಒಯ್ಯಬಹುದು, ಇದಕ್ಕೆ ಶುಲ್ಕವಿಲ್ಲ. ನಡೆಯುತ್ತಿರುವ ದಾವೆ ಅಲ್ಲಿ ರಾಜಿಯಾದರೆ ಕಟ್ಟಿದ ನ್ಯಾಯಾಲಯ ಶುಲ್ಕ ಹಿಂದಿರುಗುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಅಲ್ಲಿಯ ಐತೀರ್ಪು ಸಿವಿಲ್ ಡಿಕ್ರಿಗೆ ಸಮ, ಮೇಲ್ಮನವಿಯಿಲ್ಲ. ರಾಜಿಗೆ ಕುಳಿತವರು ಹಳೆಯ ಬೈಗುಳಗಳ ಪಟ್ಟಿ ಬಿಚ್ಚಬಾರದು. ಮಾತು ಗೆರೆ, ಮರ, ದಾರಿ, ನೀರು ಇಷ್ಟಕ್ಕೇ ನಿಲ್ಲಬೇಕು.

ಪಟ್ಟಣದ ನಿವೇಶನಗಳಲ್ಲಿ ತಕರಾರು ಅಡಿಗಿಂತ ಅಂಗುಲದ್ದು. ಪಾಯ ತೋಡುವ ಮೊದಲು ಪಕ್ಕದವರನ್ನು ಕರೆದು ದಾರ ಕಟ್ಟಿ ತೋರಿಸುವುದು, ಗೋಡೆಯ ದಪ್ಪ ಯಾರ ನೆಲದಲ್ಲಿ ಬರುತ್ತದೆ, ಚಾವಣಿಯ ನೀರು ಎಲ್ಲಿ ಬೀಳುತ್ತದೆ ಎಂದು ಮೊದಲೇ ಮಾತಾಡುವುದು, ಇಷ್ಟೇ ಸಾಕು. ಗೋಡೆ ಎದ್ದ ಮೇಲೆ ಮಾಡುವ ಮಾತು ತುಂಬ ದುಬಾರಿ.

ಒಪ್ಪಂದವನ್ನು ಬಾಯಿಮಾತಿನಲ್ಲಿ ಬಿಡಬಾರದು. ಇದ್ದ ಗಡಿಯನ್ನೇ ಇಬ್ಬರೂ ಒಪ್ಪಿದ್ದರೆ ನಕ್ಷೆಯ ಮೇಲೆ ಸಹಿ, ಸಾಕ್ಷಿಗಳ ಸಹಿ ಹಾಕಿಸಿ ಒಂದೊಂದು ಪ್ರತಿ ಇಟ್ಟುಕೊಳ್ಳಬೇಕು. ನೆಲವೇ ಕೈ ಬದಲಾಗಿದ್ದರೆ ವಿನಿಮಯ ಪತ್ರ ಮಾಡಿ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿ, ಪಹಣಿಗೂ ತರಬೇಕು. ಗುರುತಿನ ಕಲ್ಲುಗಳನ್ನು ನೇಗಿಲಿಗೆ ಸಿಗದಷ್ಟು ಆಳಕ್ಕೆ, ಎರಡೂ ಮನೆಯವರು ಎದುರಿದ್ದು ನೆಡಬೇಕು. ಮುಂದಿನ ಪ್ರತಿ ಉಳುಮೆಗೆ ಮುಂಚೆ ಎರಡೂ ಮನೆಯ ಕಿರಿಯರು ಬದುವಿನುದ್ದಕ್ಕೂ ನಡೆದು ಕಲ್ಲುಗಳನ್ನು ನೋಡಿಬರಬೇಕು. ಮಳೆಗೆ ಸಡಿಲವಾದದ್ದನ್ನು ಆಗಲೇ ಮತ್ತೆ ಗಟ್ಟಿ ಮಾಡಬೇಕು.