ಅಡ್ಡಗಾಳಿಯೂ ಹೊಣೆಯೂ

ಕೆಟ್ಟುದಕ್ಕೆ ದೈವವನ್ನೂ ಒಳ್ಳೆಯದಕ್ಕೆ ತನ್ನನ್ನೂ ಕಾರಣವೆಂದು ಹೇಳಿಕೊಳ್ಳುವುದು ಮನುಷ್ಯನ ಹಳೆಯ ಚಾಳಿ. ಈ ಚಾಳಿಯನ್ನು ಪರೀಕ್ಷಿಸುವುದಕ್ಕೆ, ಹಳೆಯ ಕಾಲದ ಚಿಕ್ಕ ವಿಮಾನಗಳು ಅಡ್ಡಗಾಳಿಯಲ್ಲಿ ನೆಲಕ್ಕಿಳಿಯುವಾಗ ಆಗುವ ಅಪಘಾತಗಳು ತಕ್ಕ ನಿದರ್ಶನವಾಗಿವೆ. ಹಾರಾಟದ ವಿದ್ಯೆ ನನ್ನದಲ್ಲ. ಆದರೆ ಅಲ್ಲಿ ಏಳುವ ಪ್ರಶ್ನೆಯು ಪಾಠಶಾಲೆಯಲ್ಲಿ ತರ್ಕವನ್ನೋದಿದ ಯಾರಿಗೂ ಹೊಸದಲ್ಲ.

ಇಂಗ್ಲೆಂಡಿನ ಡಿ ಹ್ಯಾವಿಲೆಂಡ್ ಕಾರ್ಖಾನೆಯ ಟೈಗರ್ ಮಾತ್ ಎಂಬ ವಿಮಾನವನ್ನು ತೆಗೆದುಕೊಳ್ಳೋಣ. ಅದು ಮೊದಲು ಹಾರಿದುದು 1931ರಲ್ಲಿ. ಮೇಲೊಂದು ಕೆಳಗೊಂದು ಬಟ್ಟೆ ಹೊದಿಸಿದ ರೆಕ್ಕೆ. ಸುಮಾರು 130 ಕುದುರೆಶಕ್ತಿಯ ಯಂತ್ರ. ಮುಂದೆ ಎರಡು ಗಾಲಿ. ಬಾಲದಡಿಯಲ್ಲಿ ನೆಲವನ್ನು ಕೆರೆಯುತ್ತ ಬರುವ ಒಂದು ಊರುಗೋಲು. ಮೂಲರಚನೆಯಲ್ಲಿ ಬ್ರೇಕುಗಳೇ ಇಲ್ಲ. ಅದು ಹುಟ್ಟಿದ ಕಾಲದಲ್ಲಿ ವಿಮಾನನಿಲ್ದಾಣವೆಂದರೆ ಬಹುಮಟ್ಟಿಗೆ ಹುಲ್ಲಿನ ಬಯಲು. ಗಾಳಿ ಎತ್ತಣಿಂದ ಬೀಸಿದರೂ ಅದಕ್ಕೆ ಎದುರಾಗಿ ಇಳಿಯಬಹುದಾಗಿತ್ತು. ಗಟ್ಟಿಯಾದ ಹಾದಿಗಳು ಬಂದ ಮೇಲೆ ಇಳಿಯುವ ದಿಕ್ಕು ನಿಶ್ಚಿತವಾಯಿತು. ಗಾಳಿಯ ದಿಕ್ಕು ಆಗಲಿಲ್ಲ. ಗಂಟೆಗೆ 20 ಮೈಲಿಯ ಗಾಳಿ ಹಾದಿಗೆ 30 ಡಿಗ್ರಿ ಓರೆಯಾಗಿ ಬಂದರೂ ಅದರಲ್ಲಿ 10 ಮೈಲಿಯಷ್ಟು ಪಕ್ಕದಿಂದ ತಳ್ಳುತ್ತದೆ.

ಈ ಬಗೆಯ ವಿಮಾನದಲ್ಲಿ ಭಾರದ ಕೇಂದ್ರವು ಮುಂದಿನ ಗಾಲಿಗಳಿಗಿಂತ ಹಿಂದೆ ಇರುತ್ತದೆ. ಮೂತಿ ತುಸು ಓರೆಯಾದರೆ ಹಿಂದಿನ ಭಾರವು ಮುನ್ನುಗ್ಗಲು ಹವಣಿಸಿ ಆ ಓರೆಯನ್ನೇ ಬೆಳೆಸುತ್ತದೆ. ಎಳೆದರೆ ನೆಟ್ಟಗೆ ಬರುವ ಗಾಡಿ ಹಿಂದುಮುಂದಾಗಿ ತಳ್ಳಿದರೆ ಅಡ್ಡ ತಿರುಗುವುದನ್ನು ಕಂಡವರಿಗೆ ಇದು ತಿಳಿಯದಿರದು. ವೇಗ ತಗ್ಗಿದಂತೆ ಬಾಲದ ಚುಕ್ಕಾಣಿಯ ಹಿಡಿತವೂ ತಗ್ಗುತ್ತದೆ. ಇಳಿದಾಯಿತೆಂದು ಚಾಲಕನು ಮೈಮರೆಯುವ ಹೊತ್ತೇ ಅಪಾಯದ ಹೊತ್ತು. ವಿಮಾನವು ಗಿರ್ರನೆ ಸುತ್ತಿ, ಗಾಲಿಯ ಕಾಲು ಮುರಿದು, ರೆಕ್ಕೆಯ ತುದಿ ನೆಲಕ್ಕೆ ಬಡಿಯುತ್ತದೆ. ಬೆಂಗಳೂರಿನಲ್ಲಿ ರಚಿತವಾಗಿ 1951ರಲ್ಲಿ ಮೊದಲು ಹಾರಿದ ಎಚ್.ಟಿ.-2 ಎಂಬ ಶಿಕ್ಷಣವಿಮಾನಕ್ಕೂ ಮೂರನೆಯ ಗಾಲಿ ಬಾಲದಲ್ಲಿಯೇ ಇತ್ತು. ಅನೇಕ ವೇಳೆ ಜೀವಕ್ಕೆ ಹಾನಿಯಿಲ್ಲ. ಚಾಲಕನು ಹೊರಗೆ ಬಂದು “ಗಾಳಿ ಕೈಕೊಟ್ಟಿತು” ಎನ್ನುತ್ತಾನೆ.

ಭಗವದ್ಗೀತೆಯ 18ನೆಯ ಅಧ್ಯಾಯವು ಕರ್ಮಕ್ಕೆ ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ ಎಂದು ಐದು ಕಾರಣಗಳನ್ನು ಎಣಿಸುತ್ತದೆ. ದೈವಕ್ಕೆ ಅಲ್ಲಿ ಐದನೆಯ ಸ್ಥಾನ. ನಮ್ಮ ಚಾಲಕನು ಅದನ್ನು ಮೊದಲಿಗೆ ತಂದು ಉಳಿದ ನಾಲ್ಕನ್ನು ಮರೆಸಿಬಿಡುತ್ತಾನೆ.

ಅವನ ಪರವಾಗಿಯೂ ಒಂದು ಮಾತುಂಟು. ಸುತ್ತು ಬಲವಾದ ಮೇಲೆ ಅದನ್ನು ತಡೆಯುವ ಶಕ್ತಿ ಮನುಷ್ಯನ ಕೈಕಾಲುಗಳಿಗೆ ಇರಲಾರದು, ತಡೆಯಲಾರದುದಕ್ಕೆ ಹೊಣೆಯೆಂತು? ಈ ವಾದವನ್ನು ನಾನು ಒಪ್ಪುತ್ತೇನೆ. ಆದರೆ ಇದು ಹೊಣೆಯನ್ನು ಅಳಿಸುವುದಿಲ್ಲ, ಹಿಂದಿನ ಕ್ಷಣಕ್ಕೆ ಸರಿಸುತ್ತದೆ. ಒಂದೆರಡು ನಿಮಿಷದ ಕೆಳಗೆ, ಕಂಬದ ಮೇಲಿನ ಗಾಳಿಚೀಲವು ಹಾದಿಗೆ ಅಡ್ಡಲಾಗಿ ಉಬ್ಬಿ ನಿಂತಿದ್ದುದು ಅವನ ಕಣ್ಣಿಗೆ ಬಿದ್ದಿತ್ತು. ಅದೃಷ್ಟವೆಂದರೆ ಕಾಣದುದು, ಕಣ್ಣೆದುರಿಗೆ ಉಬ್ಬಿ ನಿಂತ ಗಾಳಿಯನ್ನು ಅದೃಷ್ಟವೆನ್ನುವುದು ವ್ಯಾಕರಣಕ್ಕೂ ಸಲ್ಲದು. ವಿಮಾನದ ಸ್ವಭಾವವೂ ಅವನಿಗೆ ತಿಳಿದದ್ದೇ. ಯಂತ್ರದ ಬಲವನ್ನೇರಿಸಿ ಮತ್ತೆ ಮೇಲಕ್ಕೆದ್ದು, ಬೇರೊಂದು ಹಾದಿಯನ್ನೋ ಬಯಲನ್ನೋ ಅರಸಬಹುದಾಗಿತ್ತು. ಬೇಲಿಯಾಚೆ ನೋಡುತ್ತ ನಿಂತ ಹತ್ತು ಜನರೆದುರು ಹಿಂಜರಿದವನೆನಿಸಿಕೊಳ್ಳಲು ಮನಸ್ಸು ಒಡಂಬಡದಿದ್ದರೆ, ಅಪಘಾತವು ಅಲ್ಲಿಯೇ ಮೊದಲಾಯಿತು.

ಸದಾ ಹಿಂತಿರುಗುವವನು ವಿದ್ಯೆಯನ್ನು ಕಲಿಯುವುದೆಂತು ಎಂದು ಕೇಳುವವರುಂಟು. ಗಾಳಿಯ ಕಡೆಯ ರೆಕ್ಕೆಯನ್ನು ತಗ್ಗಿಸಿ, ಎದುರು ಕಾಲಿನಿಂದ ಚುಕ್ಕಾಣಿಯನ್ನೊತ್ತಿ, ಮೂತಿಯನ್ನು ಹಾದಿಗೆ ನೆಟ್ಟಗೆ ಹಿಡಿಯುವ ಕೌಶಲವು ಅಭ್ಯಾಸವಿಲ್ಲದೆ ಬರುವುದಿಲ್ಲವೆಂಬುದು ನಿಜ. ಅದಕ್ಕೆ ಗುರುವಿದ್ದಾನೆ, ಮಂದವಾದ ಗಾಳಿಯ ದಿನಗಳಿವೆ. ಟೈಗರ್ ಮಾತಿನಲ್ಲಿ ಸಾಮಾನ್ಯವಾಗಿ ಚಾಲಕನದು ಹಿಂದಿನ ಆಸನ, ಪ್ರಯಾಣಿಕನದು ಮುಂದಿನದು. ಮುಂದೆ ಕುಳಿತವನು ಗಾಳಿಚೀಲವನ್ನು ಕಂಡರೂ ಅದರ ಅರ್ಥವನ್ನರಿಯನು. ಅವನ ಪಾಲಿಗೆ ಮಾತ್ರ ಆ ಗಾಳಿ ನಿಜವಾಗಿಯೂ ಅದೃಷ್ಟ. ಅವನನ್ನು ಕೂರಿಸಿಕೊಂಡು ತನ್ನ ಕೌಶಲವನ್ನು ಪರೀಕ್ಷಿಸಿಕೊಳ್ಳುವ ಅಧಿಕಾರ ಚಾಲಕನಿಗಿಲ್ಲ.

ಇಷ್ಟೆಲ್ಲ ಎಚ್ಚರ ವಹಿಸಿ, ಬಾಲದ ಊರುಗೋಲು ನಿಶ್ಚಲವಾಗುವವರೆಗೂ ಕಾಲನ್ನು ಚುಕ್ಕಾಣಿಯಿಂದ ತೆಗೆಯದವನ ಮೇಲೂ ಮರದ ಸಾಲಿನ ಸಂದಿನಿಂದ ಹಠಾತ್ತಾಗಿ ಒಂದು ಬೀಸು ಬಂದು ಎರಗಬಹುದು. ಅದನ್ನು ಅವನು ದೈವವೆಂದರೆ ನಾನು ಎದುರಾಡುವುದಿಲ್ಲ.