ಸ್ಮೃತಿಯೂ ಋಣವೂ

ಯಥಾರ್ಥಾನುಭವವೇ ಪ್ರಮೆ, ಸಂಸ್ಕಾರಮಾತ್ರದಿಂದ ಹುಟ್ಟುವ ಸ್ಮೃತಿಯು ಪ್ರಮೆಯಲ್ಲವೆಂಬುದು ತಾರ್ಕಿಕರ ಸಿದ್ಧಾಂತವು. ಹಾಗಾದರೆ ವೃದ್ಧರ ನೆನಪುಗಳನ್ನು ಸಂಗ್ರಹಿಸುವುದು ವ್ಯರ್ಥಪ್ರಯಾಸವೆ?

ಒಂದು ಉದಾಹರಣೆಯನ್ನು ನೋಡೋಣ. ಅಮೆರಿಕದ ನೆವಾಡ ಮರುಭೂಮಿಯಲ್ಲಿರುವ ಲಾಸ್ ವೇಗಾಸ್ ನಗರವು 1905ರಲ್ಲಿ ರೈಲ್ವೆ ಕಂಪೆನಿಯವರು ನಿವೇಶನಗಳನ್ನು ಹರಾಜು ಹಾಕಿದಾಗ ಹುಟ್ಟಿತು. 1950ರಲ್ಲಿ ಸುಮಾರು 25,000 ಇದ್ದ ಅಲ್ಲಿಯ ಜನಸಂಖ್ಯೆಯು 2020ರಲ್ಲಿ 6,40,000ವನ್ನು ಮೀರಿತು. ಅಲ್ಲಿಯ ವಿಶ್ವವಿದ್ಯಾನಿಲಯವು 2003ರಲ್ಲಿ ಇದಕ್ಕೆಂದೇ ಒಂದು ಕೇಂದ್ರವನ್ನು ತೆರೆದು, ನಿವಾಸಿಗಳ ಬಾಳಿನ ಮತ್ತು ದುಡಿಮೆಯ ಮಾತುಗಳನ್ನು ಧ್ವನಿಮುದ್ರಿಸಿ ರಕ್ಷಿಸುತ್ತ ಬಂದಿದೆ.

ಆ ನಗರದ ದೀಪಗಳನ್ನು ಲೋಕವೇ ಬಲ್ಲುದು. ಅಲ್ಲಿಯ ಹೋಟಲುಗಳಲ್ಲಿ ಹಾಸಿಗೆ ಹಾಸಿದವರನ್ನು ಬಲ್ಲವರಾರು? ಕಪ್ಪು ಜನಾಂಗದ ಗಾಯಕರು ಅಲ್ಲಿ ವೇದಿಕೆಯ ಮೇಲೆ ಹಾಡಿ ಸಾವಿರಾರು ಜನರನ್ನು ತಣಿಸುವರು. ಆದರೆ ಅದೇ ಹೋಟಲಿನಲ್ಲಿ ತಂಗಲು ಅಪ್ಪಣೆಯಿಲ್ಲದೆ ರೈಲುಹಳಿಯಾಚೆಯ ವೆಸ್ಟ್‌ಸೈಡ್ ಕೇರಿಗೆ ಹೋಗಿ ಮಲಗುವರು. 1960ರ ಮಾರ್ಚಿಯಲ್ಲಿ ಒಡಂಬಡಿಕೆಯಾಗುವವರೆಗೂ ಸ್ಥಿತಿಯು ಹೀಗಿತ್ತು. ಒಡಂಬಡಿಕೆಯ ಇಸವಿಯನ್ನು ದಫ್ತರವೇ ಹೇಳೀತು. ಹಾಡಿ ದಣಿದವನು ಅಪರಾತ್ರಿಯಲ್ಲಿ ಹೊರಬಾಗಿಲು ದಾಟುವಾಗ ಪಟ್ಟ ವ್ಯಥೆಯನ್ನು ಅವನೇ ಹೇಳಬೇಕು. ಹೇಳುವಾಗ ತಿಥಿವಾರಗಳು ತಪ್ಪಿದರೆ ಬಲ್ಲವರು ತಿದ್ದಿಕೊಳ್ಳಬಹುದು. ಕೇಳದೆ ಉಳಿದ ಮಾತನ್ನಾದರೋ ಯಾರೂ ತಿದ್ದಲಾರರು.

ನಾನು ಮೂವತ್ತು ವರ್ಷಕಾಲ ಮಕ್ಕಳಿಗೆ ದೇವಋಣ, ಋಷಿಋಣ, ಪಿತೃಋಣಗಳ ಪಾಠ ಹೇಳಿದೆನು. ಆ ಪಾಠಗಳಿಗೆಲ್ಲ ಗಂಟೆ ಹೊಡೆದ ಜವಾನನ ಹುಟ್ಟೂರು ಯಾವುದೆಂದು ಒಮ್ಮೆಯೂ ಕೇಳಲಿಲ್ಲ. ಈಗ ಕೇಳೋಣವೆಂದರೆ ಅವನಿಲ್ಲ. ತಾರ್ಕಿಕರ ಮಾತು ಸತ್ಯವೇ ಇರಲಿ. ಪ್ರಮಾಣಕ್ಕಾಗಿ ಅಲ್ಲದಿದ್ದರೂ ಋಣವಿಮೋಚನೆಗಾಗಿ, ವಾಚಕರು ತಮ್ಮೂರಿನ ಮುದುಕರ ಮುಂದೆ ಒಂದು ಸಂಜೆ ಕುಳಿತುಕೊಳ್ಳಲೆಂದು ಬೇಡುತ್ತೇನೆ.